ಹಿಂಬಾಲಿಸುವ ಹೆಜ್ಜೆ

ಒಂದು ಜೀವಿ ಇನ್ನೊಂದನ್ನು ಹಿಂಬಾಲಿಸುವುದು ಲೋಕದಲ್ಲಿ ದಿನವೂ ಕಾಣುವ ನೋಟ. ಕರು ಆಕಳ ಹಿಂದೆ ನಡೆಯುತ್ತದೆ. ಮರಿಗಳು ತಾಯಿಕೋಳಿಯ ಹಿಂದೆ ಓಡುತ್ತವೆ. ಬೆಕ್ಕು ಇಲಿಯನ್ನು ಬೆನ್ನಟ್ಟುತ್ತದೆ. ಮುಟ್ಟಾಟ, ಖೋ-ಖೋ ಮೊದಲಾದ ಆಟಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಅಟ್ಟಿಕೊಂಡು ಓಡುತ್ತಾರೆ. ಹೀಗೆ ಓಡಲು ಕರುವಿಗೆ ಯಾರೂ ಕಲಿಸಿಲ್ಲ. ಮಕ್ಕಳಿಗೂ ಯಾರೂ ಪಾಠ ಹೇಳಿಲ್ಲ. ಕಣ್ಣು ಗುರಿಯನ್ನು ಕಾಣುತ್ತದೆ. ಕಾಲು ಅತ್ತ ಹೊರಳುತ್ತದೆ. ಈ ಎರಡರ ನಡುವೆ ಮನಸ್ಸು ಯಾವ ಲೆಕ್ಕ ಮಾಡಿತೆಂಬುದು ಓಡುವವನಿಗೇ ತಿಳಿಯದು.

ತಿಳಿಯದೆ ಮಾಡುವ ಈ ಲೆಕ್ಕವನ್ನು ತಿಳಿದು ಹೇಳಬೇಕಾದ ಸಂದರ್ಭವೊಂದುಂಟು. ಅದು ಗಣಕಯಂತ್ರದಲ್ಲಿ ಆಟವೊಂದನ್ನು ರಚಿಸುವ ಸಂದರ್ಭ. ಇಂದು ಕೋಟ್ಯಂತರ ಜನರು ಗಣಕಯಂತ್ರದಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಆಟವಾಡುತ್ತಾರೆ. ಪರದೆಯ ಮೇಲೆ ಮೊಲ ಓಡುತ್ತದೆ, ನರಿ ಅದನ್ನು ಅಟ್ಟುತ್ತದೆ; ವೀರನೊಬ್ಬ ನಡೆಯುತ್ತಾನೆ, ಅವನ ಸಂಗಾತಿ ಹಿಂದೆ ಹಿಂದೆ ಬರುತ್ತಾನೆ. ಆದರೆ ಗಣಕಯಂತ್ರಕ್ಕೆ ನರಿಯೂ ತಿಳಿಯದು, ಮೊಲವೂ ತಿಳಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆಗಳು ಮಾತ್ರ. ‘ಅದನ್ನು ಹಿಂಬಾಲಿಸು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ. ಯಾವ ದಿಕ್ಕಿಗೆ, ಎಷ್ಟು ದೂರ, ಯಾವಾಗ ಕದಲಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಒಂದೊಂದಾಗಿ ವಿಧಿಸಬೇಕು. ಹಾಗೆ ವಿಧಿಸಿದ ಆಜ್ಞೆಗಳ ಸಾಲಿಗೆ ಕ್ರಮವಿಧಿ ಎಂದು ಹೆಸರು. ಆಟಗಳ ಕ್ರಮವಿಧಿಯನ್ನು ಕಲಿಯಲು ತೊಡಗಿದವರ ಮುಂದೆ ಮೊದಮೊದಲೇ ಬಂದು ನಿಲ್ಲುವ ಪ್ರಶ್ನೆ ಇದು: ಒಂದು ವಸ್ತುವು ಇನ್ನೊಂದನ್ನು ಹಿಂಬಾಲಿಸುವಂತೆ ಮಾಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಲೆಬಾಳುವ ಯಂತ್ರವೇ ಬೇಕೆಂದು ಭಾವಿಸುವುದು ತಪ್ಪು. ಬೇಕಾದುದು ಗಮನವಿಟ್ಟು ನೋಡುವ ಕಣ್ಣು, ಒಂದು ಗ್ರಾಫ್ ಕಾಗದ, ಪ್ರೌಢಶಾಲೆಯಲ್ಲಿ ಕಲಿತ ಗಣಿತ, ಇಷ್ಟೆ. ನೋಡುವುದಕ್ಕೆ ಊರ ಹೊರಗಿನ ಹೊಲವೇ ಸಾಕು.

ಉಪ್ಪಿನಬೆಟಗೇರಿಯು ಧಾರವಾಡ ತಾಲೂಕಿನ ಒಂದು ಊರು. ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುವ ಆ ಸೀಮೆಯ ಎರೆಹೊಲಗಳು ಸುಗ್ಗಿ ಮುಗಿದ ಮೇಲೆ ದೂರದವರೆಗೆ ಬಯಲಾಗಿ ಹರಡಿರುತ್ತವೆ. ಅಂಥ ಹೊಲವೊಂದರಲ್ಲಿ ನಾಯಿಯೊಂದು ನಿಂತಿದೆಯೆಂದೂ ಹೊಲದ ಅಂಚಿನಲ್ಲಿ ನೇರವಾದ ರಸ್ತೆಯೊಂದು ಹಾದುಹೋಗಿದೆಯೆಂದೂ ಭಾವಿಸಬಹುದು. ರಸ್ತೆಗೂ ನಾಯಿಗೂ ನಡುವೆ ೪೦ ಮಾರು. ನಾಯಿಯ ಒಡೆಯನ ಚಕ್ಕಡಿಯು ರಸ್ತೆಯ ಮೇಲೆ, ನಾಯಿಯ ನೇರಕ್ಕಿಂತ ೩೦ ಮಾರು ಮುಂದೆ ನಿಂತಿದೆ. ನಾಯಿ ಚಕ್ಕಡಿಯನ್ನು ಸೇರಬೇಕು. ಒಂದು ಕ್ಷಣಕ್ಕೆ ಅದು ೫ ಮಾರು ಓಡಬಲ್ಲದು.

ಈ ಚಿತ್ರವನ್ನು ಗ್ರಾಫ್ ಕಾಗದದ ಮೇಲೆ ಇಳಿಸಿದರೆ ನಾಯಿಯ ಸ್ಥಾನವು ಮೂಲಬಿಂದು, ಎಂದರೆ (೦, ೦). ಚಕ್ಕಡಿಯ ಸ್ಥಾನವು (೩೦, ೪೦). ಗಣಕಯಂತ್ರದ ಪರದೆಯೂ ಇಂಥದೇ ಒಂದು ಗ್ರಾಫ್ ಕಾಗದ. ಅದರ ಮೇಲಿನ ಪ್ರತಿಯೊಂದು ವಸ್ತುವಿಗೂ ಹೀಗೆ ಎರಡು ನಿರ್ದೇಶಾಂಕಗಳಿರುತ್ತವೆ. ವಸ್ತು ಚಲಿಸಿತು ಎಂದರೆ ಆ ಎರಡು ಸಂಖ್ಯೆಗಳು ಬದಲಾದವು ಎಂದರ್ಥ.

ಹೊಸದಾಗಿ ಕಲಿಯುವವರಿಗೆ ಮೊದಲು ತೋಚುವ ಉಪಾಯ ಸರಳವಾದುದು. ಚಕ್ಕಡಿ ಬಲಕ್ಕಿದ್ದರೆ ನಾಯಿಯ ಅಡ್ಡ ಅಳತೆಗೆ ೫ ಕೂಡಿಸುವುದು. ಮೇಲಕ್ಕಿದ್ದರೆ ಲಂಬ ಅಳತೆಗೂ ೫ ಕೂಡಿಸುವುದು. ಈ ಉಪಾಯದಿಂದ ನಾಯಿ ಚಕ್ಕಡಿಯನ್ನು ಸೇರುವುದು ನಿಜ. ಆದರೆ ಅದರ ದಾರಿಯನ್ನು ಗುರುತಿಸುತ್ತ ಹೋದರೆ ದೋಷ ಬಯಲಾಗುತ್ತದೆ. ಆರು ಹೆಜ್ಜೆಗಳಲ್ಲಿ ಅದು ಓರೆಯಾಗಿ (೩೦, ೩೦) ಎಂಬಲ್ಲಿಗೆ ಬಂದು, ಅಲ್ಲಿಂದ ಥಟ್ಟನೆ ತಿರುಗಿ ನೆಟ್ಟಗೆ ಮೇಲಕ್ಕೆ ಎರಡು ಹೆಜ್ಜೆ ಹಾಕುತ್ತದೆ. ಯಾವ ನಾಯಿಯೂ ಬಯಲಿನಲ್ಲಿ ಹಾಗೆ ಮೊಣಕೈಯಂತೆ ಮಡಿಸಿ ಓಡುವುದಿಲ್ಲ. ಅಷ್ಟೇ ಅಲ್ಲ, ಓರೆಯಾದ ಒಂದೊಂದು ಹೆಜ್ಜೆಯ ಉದ್ದವೂ ೫ ಮಾರು ಆಗಿರದೆ, ೫೦ರ ವರ್ಗಮೂಲ, ಎಂದರೆ ಸುಮಾರು ೭.೦೭ ಮಾರು ಆಗಿರುತ್ತದೆ. ತನಗಿಲ್ಲದ ವೇಗವನ್ನು ನಾಯಿ ಕದ್ದು ಪಡೆದಂತಾಯಿತು. ಆಟದಲ್ಲಿ ಇಂಥ ತಪ್ಪು ಉಳಿದರೆ, ನೇರವಾಗಿ ಬರುವ ಶತ್ರುವಿಗಿಂತ ಓರೆಯಾಗಿ ಬರುವ ಶತ್ರು ಬೇಗ ಬರುತ್ತಾನೆ. ಆಡುವವನಿಗೆ ಅನ್ಯಾಯವಾಗುತ್ತದೆ, ಆದರೆ ಅದು ಏಕೆ ಆಯಿತೆಂಬುದು ಅವನಿಗೆ ಹೊಳೆಯುವುದಿಲ್ಲ.

ಸರಿಯಾದ ದಾರಿಯನ್ನು ತೋರಿಸುವುದು ಪೈಥಾಗೊರಸ್‌ನ ಹೆಸರಿನ ಪ್ರಮೇಯ. ಭಾರತದಲ್ಲಿ ಇದೇ ತತ್ತ್ವವು ಬೋಧಾಯನ ಶುಲ್ಬಸೂತ್ರದಲ್ಲಿ ಉಕ್ತವಾಗಿದೆ. ನಾಯಿಗೂ ಚಕ್ಕಡಿಗೂ ಅಡ್ಡ ಅಂತರ ೩೦, ಲಂಬ ಅಂತರ ೪೦. ಇವು ಲಂಬಕೋನ ತ್ರಿಭುಜದ ಎರಡು ಬಾಹುಗಳು. ೩೦ರ ವರ್ಗ ೯೦೦, ೪೦ರ ವರ್ಗ ೧೬೦೦, ಮೊತ್ತ ೨೫೦೦, ಅದರ ವರ್ಗಮೂಲ ೫೦. ಇದೇ ವಿಕರ್ಣ, ಇದೇ ನಾಯಿಗೂ ಚಕ್ಕಡಿಗೂ ಇರುವ ನೇರ ದೂರ. ಒಂದು ಕ್ಷಣದಲ್ಲಿ ನಾಯಿ ಓಡುವುದು ೫ ಮಾರು, ಎಂದರೆ ಇಡೀ ದೂರದ ಹತ್ತನೆಯ ಒಂದು ಪಾಲು. ನೇರ ದೂರದಲ್ಲಿ ಹತ್ತನೆಯ ಒಂದು ಪಾಲು ಸವೆಯಬೇಕಾದರೆ ಅಡ್ಡ ಅಂತರದಲ್ಲಿಯೂ ಹತ್ತನೆಯ ಒಂದು ಪಾಲು, ಲಂಬ ಅಂತರದಲ್ಲಿಯೂ ಹತ್ತನೆಯ ಒಂದು ಪಾಲು ಸವೆಯಬೇಕು. ಆದುದರಿಂದ ನಾಯಿಯ ಮೊದಲ ಹೆಜ್ಜೆ ಅಡ್ಡಕ್ಕೆ ೩, ಮೇಲಕ್ಕೆ ೪. ಅದರ ಹೊಸ ಸ್ಥಾನ (೩, ೪). ಹೀಗೆ ಹತ್ತು ಹೆಜ್ಜೆಗಳಲ್ಲಿ ಅದು ಸರಳರೇಖೆಯಲ್ಲಿ ಓಡಿ ಚಕ್ಕಡಿಯನ್ನು ಸೇರುತ್ತದೆ. ಹಿಂಬಾಲಿಸುವ ವಿದ್ಯೆಯ ತಿರುಳು ಇಷ್ಟೇ. ಅದನ್ನು ನಾಲ್ಕು ಆಜ್ಞೆಗಳಲ್ಲಿ ಹೀಗೆ ಹೇಳಬಹುದು:

೧. ಗುರಿಯ ಸ್ಥಾನದಿಂದ ಹಿಂಬಾಲಕನ ಸ್ಥಾನವನ್ನು ಕಳೆದು ಅಡ್ಡ ಅಂತರವನ್ನೂ ಲಂಬ ಅಂತರವನ್ನೂ ತಿಳಿ.
೨. ಅವುಗಳಿಂದ ನೇರ ದೂರವನ್ನು ಲೆಕ್ಕ ಮಾಡು.
೩. ಹೆಜ್ಜೆಯ ಉದ್ದವನ್ನು ನೇರ ದೂರದಿಂದ ಭಾಗಿಸು. ಆ ಪಾಲಿನಷ್ಟು ಅಡ್ಡಕ್ಕೂ ಅದೇ ಪಾಲಿನಷ್ಟು ಲಂಬಕ್ಕೂ ಸರಿ.
೪. ಮತ್ತೆ ಮೊದಲಿನಿಂದ ಆರಂಭಿಸು.

ನಾಲ್ಕನೆಯ ಆಜ್ಞೆಯನ್ನು ಹಗುರವಾಗಿ ಕಾಣಕೂಡದು. ನಿಂತ ಚಕ್ಕಡಿಯ ಕಡೆಗೆ ಒಮ್ಮೆ ದಿಕ್ಕು ಹಿಡಿದು ಹೊರಟರೆ ಸಾಕು. ಆದರೆ ಗುರಿ ಚಲಿಸುತ್ತಿರುವಾಗ ಹಿಂದಿನ ಕ್ಷಣದ ಲೆಕ್ಕ ಈ ಕ್ಷಣಕ್ಕೆ ಹಳತಾಗಿರುತ್ತದೆ. ಹಿಂಬಾಲಿಸುವವನು ಪ್ರತಿ ಹೆಜ್ಜೆಗೂ ತಲೆಯೆತ್ತಿ ನೋಡಬೇಕು, ಮತ್ತೆ ಅಳೆಯಬೇಕು, ಮತ್ತೆ ಹೆಜ್ಜೆಯಿಡಬೇಕು. ಗಣಕಯಂತ್ರದ ಆಟಗಳಲ್ಲಿ ಪರದೆಯ ಚಿತ್ರವು ಸಾಮಾನ್ಯವಾಗಿ ಸೆಕೆಂಡಿಗೆ ೩೦ ಅಥವಾ ೬೦ ಬಾರಿ ಹೊಸದಾಗಿ ಮೂಡುತ್ತದೆ. ಸಿನಿಮಾದಲ್ಲಿರುವಂತೆ ಇಲ್ಲಿಯೂ ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಪ್ರತಿಯೊಂದು ಫ್ರೇಮಿನಲ್ಲಿಯೂ ಈ ನಾಲ್ಕು ಆಜ್ಞೆಗಳು ನಡೆಯುತ್ತವೆ. ನೋಡುವವರ ಕಣ್ಣಿಗೆ ಅದು ಅಖಂಡವಾದ ಓಟವೆಂದು ತೋರುತ್ತದೆ.

ಈ ನಿಯಮವನ್ನು ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಾಯಿ ಓಡಿ ಬಂದು ಚಕ್ಕಡಿಗೆ ಕೇವಲ ೨ ಮಾರು ದೂರದಲ್ಲಿದೆಯೆಂದಿರಲಿ. ಅದರ ಹೆಜ್ಜೆಯಾದರೋ ೫ ಮಾರು. ನಿಯಮದಂತೆ ಅದು ಚಕ್ಕಡಿಯನ್ನು ದಾಟಿ ೩ ಮಾರು ಆಚೆ ಹೋಗಿ ಬೀಳುತ್ತದೆ. ಮರುಕ್ಷಣ ಹಿಂದಿರುಗಿ ಮತ್ತೆ ೫ ಮಾರು ಹಾರುತ್ತದೆ. ಹೀಗೆ ಅತ್ತಿಂದಿತ್ತ, ಇತ್ತಿಂದತ್ತ ನಡುಗುತ್ತಲೇ ಇರುತ್ತದೆ. ಹೊಸಬರು ರಚಿಸಿದ ಆಟಗಳಲ್ಲಿ ಹಿಂಬಾಲಕನು ಗುರಿಯ ಬಳಿ ಜ್ವರ ಬಂದವನಂತೆ ಅದುರುವುದಕ್ಕೆ ಇದೇ ಕಾರಣ. ಒಂದು ವೇಳೆ ನಾಯಿ ಸರಿಯಾಗಿ ಚಕ್ಕಡಿಯ ಸ್ಥಾನಕ್ಕೇ ಬಂದರೆ ಇನ್ನೊಂದು ವಿಪತ್ತು ಕಾದಿದೆ. ಆಗ ನೇರ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸುವುದು ಗಣಿತದಲ್ಲಿ ನಿಷಿದ್ಧ. ಆದುದರಿಂದ ಮೂರನೆಯ ಆಜ್ಞೆಗೆ ಮೊದಲು ಇನ್ನೊಂದು ಎಚ್ಚರಿಕೆಯ ಮಾತು ಬೇಕು: ಉಳಿದ ದೂರವು ಒಂದು ಹೆಜ್ಜೆಗಿಂತ ಹೆಚ್ಚಾಗಿಲ್ಲದಿದ್ದರೆ, ಭಾಗಿಸದೆ ನೇರವಾಗಿ ಗುರಿಯ ಸ್ಥಾನದಲ್ಲಿ ನಿಲ್ಲು. ಹಿಂಬಾಲಕನು ಶತ್ರುವಾಗಿರದೆ ಸಂಗಾತಿಯಾಗಿದ್ದರೆ ಗುರಿಯ ಮೈಮೇಲೆ ಬಂದು ನಿಲ್ಲುವುದು ತರವಲ್ಲ. ಆಗ ೪ ಮಾರೋ ೬ ಮಾರೋ ಅಂತರವನ್ನು ನಿಶ್ಚಯಿಸಿ, ಅಷ್ಟು ಸಮೀಪಕ್ಕೆ ಬಂದೊಡನೆ ನಿಲ್ಲುವಂತೆ ವಿಧಿಸಬೇಕು. ಒಡೆಯನ ಹಿಂದೆ ನಡೆಯುವ ನಾಯಿಯೂ ಅವನ ಕಾಲು ತುಳಿಯದೆ ಅಂತರವಿಟ್ಟೇ ನಡೆಯುತ್ತದೆ.

ಗಮನಿಸತಕ್ಕ ಇನ್ನೊಂದು ಅಂಶವು ಕಾಲಕ್ಕೆ ಸಂಬಂಧಿಸಿದುದು. ಪ್ರತಿ ಫ್ರೇಮಿಗೂ ೫ ಅಳತೆ ಚಲಿಸು ಎಂದು ವಿಧಿಸಿದರೆ, ಸೆಕೆಂಡಿಗೆ ೬೦ ಫ್ರೇಮುಗಳನ್ನು ಮೂಡಿಸುವ ಹೊಸ ಯಂತ್ರದಲ್ಲಿ ಹಿಂಬಾಲಕನು ಸೆಕೆಂಡಿಗೆ ೩೦೦ ಅಳತೆ ಓಡುತ್ತಾನೆ. ಸೆಕೆಂಡಿಗೆ ೩೦ ಫ್ರೇಮುಗಳನ್ನಷ್ಟೆ ಮೂಡಿಸಬಲ್ಲ ಹಳೆಯ ಯಂತ್ರದಲ್ಲಿ ಅದೇ ಹಿಂಬಾಲಕನು ೧೫೦ ಅಳತೆ ಓಡುತ್ತಾನೆ. ಆಟ ಒಂದೇ, ನಿಯಮ ಒಂದೇ, ಆದರೆ ಯಂತ್ರದ ಬೆಲೆಗೆ ತಕ್ಕಂತೆ ಆಟದ ಕಾಠಿಣ್ಯ ಬದಲಾಯಿತು! ಖೋ-ಖೋ ಆಟದ ಅಂಗಳವು ಒಂದು ಊರಿನಲ್ಲಿ ದೊಡ್ಡದಾಗಿಯೂ ಇನ್ನೊಂದು ಊರಿನಲ್ಲಿ ಚಿಕ್ಕದಾಗಿಯೂ ಇದ್ದರೆ ಎರಡು ಊರಿನ ಆಟಗಾರರನ್ನು ಹೋಲಿಸುವುದು ಹೇಗೆ ಸಾಧ್ಯ? ಇದಕ್ಕೆ ಪರಿಹಾರ ಸುಲಭ. ಚಲನೆಯನ್ನು ಫ್ರೇಮಿನ ಲೆಕ್ಕದಲ್ಲಿ ಹೇಳದೆ ಕಾಲದ ಲೆಕ್ಕದಲ್ಲಿ ಹೇಳಬೇಕು. ವೇಗವನ್ನು ಸೆಕೆಂಡಿಗೆ ೩೦೦ ಎಂದು ನಿಶ್ಚಯಿಸಿ, ಹಿಂದಿನ ಫ್ರೇಮಿನಿಂದ ಈ ಫ್ರೇಮಿನವರೆಗೆ ಕಳೆದ ಕಾಲದಿಂದ ಅದನ್ನು ಗುಣಿಸಬೇಕು. ಆಗ ಹೊಸ ಯಂತ್ರದಲ್ಲಿ ಹೆಜ್ಜೆ ೫ ಆಗುತ್ತದೆ, ಹಳೆಯ ಯಂತ್ರದಲ್ಲಿ ೧೦ ಆಗುತ್ತದೆ. ಸೆಕೆಂಡಿನ ಕೊನೆಯಲ್ಲಿ ಇಬ್ಬರೂ ಒಂದೇ ಕಡೆ ನಿಂತಿರುತ್ತಾರೆ. ‘ದೂರವೆಂದರೆ ವೇಗ ಮತ್ತು ಕಾಲಗಳ ಗುಣಲಬ್ಧ’ ಎಂದು ವಿಜ್ಞಾನದ ತರಗತಿಯಲ್ಲಿ ಕಲಿತ ಸೂತ್ರವೇ ಇಲ್ಲಿ ನ್ಯಾಯಾಧೀಶನ ಸ್ಥಾನದಲ್ಲಿ ನಿಲ್ಲುತ್ತದೆ.

ಹಿಂಬಾಲಿಸುವ ಬಗೆ ಒಂದೇ ಅಲ್ಲ. ಕೆಲವೆಡೆ ಸಮವೇಗಕ್ಕಿಂತ ಮೃದುವಾದ ಚಲನೆ ಹಿತವೆನಿಸುತ್ತದೆ. ಆಟದಲ್ಲಿ ವೀರನು ಓಡುವಾಗ ಅವನ ಸುತ್ತಲಿನ ದೃಶ್ಯವನ್ನು ತೋರಿಸುವ ಕಾಲ್ಪನಿಕ ಕ್ಯಾಮರಾ ಅವನನ್ನು ಹಿಂಬಾಲಿಸಬೇಕಾಗುತ್ತದೆ. ಅದು ಅವನಿಗೆ ಅಂಟಿಕೊಂಡಂತೆ ಚಲಿಸಿದರೆ ಅವನ ಪ್ರತಿಯೊಂದು ಕುಲುಕಿಗೂ ಇಡೀ ದೃಶ್ಯ ಕುಲುಕಿ ಕಣ್ಣಿಗೆ ಆಯಾಸವಾಗುತ್ತದೆ. ಆದಕಾರಣ ಉಳಿದ ದೂರದ ಒಂದು ಗೊತ್ತಾದ ಪಾಲನ್ನು, ಉದಾಹರಣೆಗೆ ಹತ್ತನೆಯ ಒಂದನ್ನು, ಪ್ರತಿ ಹೆಜ್ಜೆಗೂ ಕ್ರಮಿಸುವಂತೆ ವಿಧಿಸುವುದುಂಟು. ದೂರವು ೧೦೦ ಇದ್ದರೆ ಮೊದಲ ಹೆಜ್ಜೆಯ ಬಳಿಕ ೯೦ ಉಳಿಯುತ್ತದೆ. ಎರಡನೆಯದರ ಬಳಿಕ ೮೧. ಮೂರನೆಯದರ ಬಳಿಕ ೭೨.೯. ದೂರ ಹೆಚ್ಚಿದ್ದಾಗ ವೇಗ ಹೆಚ್ಚು, ಸಮೀಪಿಸಿದಂತೆ ವೇಗ ಕಡಿಮೆ. ಇಲ್ಲಿ ಒಂದು ಸೋಜಿಗವಿದೆ. ಪ್ರತಿ ಸಲವೂ ಏನಾದರೂ ಉಳಿದೇ ಉಳಿಯುವುದರಿಂದ, ಗಣಿತದ ದೃಷ್ಟಿಯಲ್ಲಿ ಈ ಹಿಂಬಾಲಕನು ನಿಂತ ಗುರಿಯನ್ನು ಕೂಡ ಎಂದೆಂದಿಗೂ ಪೂರ್ಣವಾಗಿ ಮುಟ್ಟುವುದಿಲ್ಲ. ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಜೀನೋ, ಓಟಗಾರ ಅಕಿಲೀಸನು ಮುಂದೆ ಹೊರಟ ಆಮೆಯನ್ನು ಎಂದಿಗೂ ಹಿಡಿಯಲಾರನೆಂಬ ಒಗಟನ್ನು ಹೂಡಿದ್ದುಂಟು. ಅಕಿಲೀಸನು ಸಮವೇಗದಲ್ಲಿ ಓಡುವವನಾದುದರಿಂದ ಆಮೆಯನ್ನು ಹಿಡಿದೇ ಹಿಡಿಯುತ್ತಾನೆ. ಆದರೆ ಪಾಲಿನ ಲೆಕ್ಕದಲ್ಲಿ ನಡೆಯುವ ಹಿಂಬಾಲಕನ ವಿಷಯದಲ್ಲಿ ಜೀನೋನ ಮಾತು ನಿಜವಾಗಿಬಿಡುತ್ತದೆ. ಉಳಿದ ದೂರ ಕಣ್ಣಿಗೆ ಕಾಣದಷ್ಟು ಕಿರಿದಾದಾಗ ‘ಇನ್ನು ಸಾಕು, ಸೇರಿದಂತಾಯಿತು’ ಎಂದು ಹೇಳಬೇಕಾದವನು ಕ್ರಮವಿಧಿಯನ್ನು ಬರೆಯುವವನೇ.

ಬಯಲಿನಲ್ಲಿ ನೇರವಾಗಿ ಓಡುವ ನಾಯಿ ಊರೊಳಗಿನ ಓಣಿಗಳಲ್ಲಿ ಹಾಗೆ ಓಡಲಾರದು. ಒಡೆಯನು ಮನೆಯ ಮೂಲೆಯನ್ನು ಬಳಸಿ ಹೋಗಿದ್ದರೆ ಅವನತ್ತ ನೇರವಾಗಿ ಹೊರಟ ನಾಯಿ ಗೋಡೆಗೆ ಬಡಿಯುತ್ತದೆ. ಆಗ ಅದು ಮಾಡಬೇಕಾದುದು ಒಡೆಯನನ್ನಲ್ಲ, ಒಡೆಯನು ನಡೆದ ಹಾದಿಯನ್ನು ಹಿಂಬಾಲಿಸುವುದು. ಇರುವೆಗಳ ಸಾಲು ಹೀಗೆಯೇ ಸಾಗುತ್ತದೆ. ಮುಂದೆ ಹೋದ ಇರುವೆ ನೆಲದ ಮೇಲೆ ಬಿಟ್ಟ ವಾಸನೆಯೇ ಹಿಂದಿನದಕ್ಕೆ ದಾರಿ. ಕ್ರಮವಿಧಿಯಲ್ಲಿ ಇದನ್ನು ಸಾಧಿಸಲು ಗುರಿಯು ಹಾದುಹೋದ ಸ್ಥಾನಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡುತ್ತ, ಹಿಂಬಾಲಕನು ಅವುಗಳನ್ನು ಅದೇ ಕ್ರಮದಲ್ಲಿ ಒಂದೊಂದಾಗಿ ತಲುಪುವಂತೆ ಮಾಡುತ್ತಾರೆ. ೧೯೯೭ರಲ್ಲಿ ನೋಕಿಯಾ ಸಂಸ್ಥೆಯ ಮೊಬೈಲ್ ಫೋನಿನಲ್ಲಿ ಬಂದು ಮನೆಮಾತಾದ ಹಾವಿನ ಆಟದಲ್ಲಿ ತಲೆ ತಿರುಗಿದ ಕಡೆಯಲ್ಲಿಯೇ ಬಾಲವೂ ತಿರುಗುವುದು ಈ ತತ್ತ್ವದ ನಿದರ್ಶನ. ಹಾವಿನ ಪ್ರತಿಯೊಂದು ಗಣ್ಣೂ ತನ್ನ ಮುಂದಿನ ಗಣ್ಣು ಈ ಮೊದಲು ಇದ್ದ ಸ್ಥಾನಕ್ಕೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದುದೆಲ್ಲ ಗುರಿ ಇರುವ ಅಥವಾ ಇದ್ದ ಸ್ಥಾನವನ್ನು ಸೇರುವ ಮಾತು. ಚಾಣಾಕ್ಷನಾದ ಬೇಟೆಗಾರನು ಇಷ್ಟಕ್ಕೆ ತೃಪ್ತನಾಗುವುದಿಲ್ಲ. ಗುರಿ ಇನ್ನು ಮುಂದೆ ಎಲ್ಲಿರುವುದೆಂಬುದನ್ನು ಅವನು ಊಹಿಸುತ್ತಾನೆ. ಉಪ್ಪಿನಬೆಟಗೇರಿಯ ಹೊಲದ ನಾಯಿಯನ್ನೇ ಮತ್ತೆ ನೆನೆಯಬಹುದು. ಅದು ರಸ್ತೆಯಿಂದ ೪೦ ಮಾರು ಒಳಗೆ ನಿಂತಿದೆ. ಈಗ ಚಕ್ಕಡಿ ನಿಂತಿಲ್ಲ. ಸರಿಯಾಗಿ ನಾಯಿಯ ಎದುರಿನಿಂದ ಹೊರಟು, ಕ್ಷಣಕ್ಕೆ ೩ ಮಾರಿನಂತೆ ರಸ್ತೆಯುದ್ದಕ್ಕೂ ಸಾಗುತ್ತಿದೆ. ನಾಯಿಯ ವೇಗ ಮೊದಲಿನಂತೆ ಕ್ಷಣಕ್ಕೆ ೫ ಮಾರು. ಪ್ರತಿ ಕ್ಷಣವೂ ಚಕ್ಕಡಿಯನ್ನೇ ನೋಡುತ್ತ ಅದರತ್ತ ಮುಖ ಮಾಡಿ ಓಡುವ ನಾಯಿಯ ದಾರಿ ಸರಳರೇಖೆಯಾಗದೆ ಬಾಗುತ್ತ ಬಾಗುತ್ತ ಕೊನೆಗೆ ರಸ್ತೆಗೆ ಹೊಂದಿಕೊಳ್ಳುವ ವಕ್ರರೇಖೆಯಾಗುತ್ತದೆ. ವ್ಯಾಪಾರದ ಹಡಗನ್ನು ಕಡಲುಗಳ್ಳರ ಹಡಗು ಅಟ್ಟುವ ಪ್ರಸಂಗವನ್ನು ತೆಗೆದುಕೊಂಡು ಫ್ರಾನ್ಸಿನ ವಿಜ್ಞಾನಿ ಪಿಯೆರ್ ಬೂಗೇರ್ ಈ ವಕ್ರರೇಖೆಯನ್ನು ೧೭೩೨ರಲ್ಲಿ ಪರಿಶೀಲಿಸಿದನು. ಅಂಥ ಗಣಿತದಂತೆ ನಾಯಿಯು ಚಕ್ಕಡಿಯನ್ನು ಹಿಡಿಯಲು ೧೨.೫ ಕ್ಷಣ ಬೇಕು. ಅಷ್ಟರಲ್ಲಿ ಅದು ೬೨.೫ ಮಾರು ಓಡಿರುತ್ತದೆ. ಅದರ ಬದಲು, ಚಕ್ಕಡಿ ೧೦ ಕ್ಷಣಗಳ ಬಳಿಕ ೩೦ ಮಾರು ಮುಂದೆ ಇರುವುದೆಂದು ಊಹಿಸಿ ಆ ಸ್ಥಾನಕ್ಕೇ ನೇರವಾಗಿ ಓಡುವ ನಾಯಿ ೫೦ ಮಾರು ಓಡಿ, ಸರಿಯಾಗಿ ೧೦ನೆಯ ಕ್ಷಣಕ್ಕೆ ಚಕ್ಕಡಿಯನ್ನು ಕೂಡಿಕೊಳ್ಳುತ್ತದೆ. ಕಾಲಿನ ಬಲ ಎರಡಕ್ಕೂ ಒಂದೇ. ವ್ಯತ್ಯಾಸವೆಲ್ಲ ಮುಂದಾಲೋಚನೆಯಲ್ಲಿದೆ.

ಭಾರತೀಯ ಗಣಿತಜ್ಞರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ ಬಾಳಿದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ, ಬೇರೆ ಬೇರೆ ವೇಗದಿಂದ ನಡೆಯುವ ದಾರಿಗರು ಎಷ್ಟು ಕಾಲಕ್ಕೆ ಒಂದೆಡೆ ಕೂಡುವರೆಂಬ ಲೆಕ್ಕಗಳನ್ನು ಕೊಟ್ಟಿದ್ದಾನೆ. ೧೧೫೦ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿ ಒಂದು ನವಿಲಿನ ಲೆಕ್ಕವಿದೆ. ೯ ಮೊಳ ಎತ್ತರದ ಕಂಬದ ಮೇಲೆ ನವಿಲು ಕುಳಿತಿದೆ. ಕಂಬದ ಬುಡದಲ್ಲಿ ಹಾವಿನ ಬಿಲ. ೨೭ ಮೊಳ ದೂರದಿಂದ ಹಾವು ಬಿಲದತ್ತ ಬರುತ್ತಿದೆ. ಅದನ್ನು ಕಂಡ ನವಿಲು ಹಾವಿನಷ್ಟೇ ವೇಗದಿಂದ ಓರೆಯಾಗಿ ಎರಗುತ್ತದೆ. ಬಿಲದಿಂದ ಎಷ್ಟು ದೂರದಲ್ಲಿ ಅವು ಸಂಧಿಸುತ್ತವೆ? ಉತ್ತರ ೧೨ ಮೊಳ. ಅಷ್ಟು ಹೊತ್ತಿಗೆ ಹಾವು ೧೫ ಮೊಳ ಹರಿದಿರುತ್ತದೆ, ನವಿಲೂ ೧೫ ಮೊಳ ಹಾರಿರುತ್ತದೆ. ಭಾಸ್ಕರಾಚಾರ್ಯನ ನವಿಲು ಹಾವು ಇದ್ದಲ್ಲಿಗೆ ಹಾರಲಿಲ್ಲ, ಬರಲಿರುವಲ್ಲಿಗೆ ಹಾರಿತು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟವೂ ಇದೇ ಉಪಾಯದಿಂದ ಗಾಳಿಯಲ್ಲಿ ಸೊಳ್ಳೆ ನೊಣಗಳನ್ನು ಹಿಡಿಯುತ್ತದೆ. ಅನುಭವವುಳ್ಳ ಖೋ-ಖೋ ಆಟಗಾರನೂ ಓಡುವವನ ಬೆನ್ನನ್ನಷ್ಟೆ ನೋಡುವುದಿಲ್ಲ. ಅವನು ಯಾವ ಸಂದಿನಲ್ಲಿ ನುಸುಳುವನೆಂದು ಊಹಿಸಿ, ಅಲ್ಲಿಗೆ ಸಮೀಪದಲ್ಲಿ ಕುಳಿತ ಜೊತೆಗಾರನಿಗೆ ‘ಖೋ’ ಕೊಡುತ್ತಾನೆ.

ಗಣಕಯಂತ್ರದ ಆಟಗಳ ಚರಿತ್ರೆಯಲ್ಲಿ ಈ ಎರಡು ಬಗೆಯ ಹಿಂಬಾಲಕರನ್ನೂ ಒಂದೇ ಅಂಗಳದಲ್ಲಿ ತಂದು ನಿಲ್ಲಿಸಿದ ಆಟವೆಂದರೆ ಪ್ಯಾಕ್-ಮ್ಯಾನ್. ಜಪಾನಿನ ನಾಮ್ಕೊ ಸಂಸ್ಥೆಯ ತೊರು ಇವಾತಾನಿ ಎಂಬುವರು ಇದನ್ನು ೧೯೮೦ರಲ್ಲಿ ರೂಪಿಸಿದರು. ಅದರಲ್ಲಿ ಆಟಗಾರನನ್ನು ನಾಲ್ಕು ಭೂತಗಳು ಅಟ್ಟುತ್ತವೆ. ಕೆಂಪು ಭೂತವು ಆಟಗಾರನಿರುವ ಮನೆಯನ್ನೇ ಗುರಿಯಾಗಿಟ್ಟುಕೊಳ್ಳುತ್ತದೆ. ಗುಲಾಬಿ ಬಣ್ಣದ ಭೂತವು ಅವನು ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಿನ ಸ್ಥಾನವನ್ನು ಗುರಿಯಾಗಿಟ್ಟುಕೊಳ್ಳುತ್ತದೆ. ಹೀಗೆ ಒಂದು ಹಿಂದಿನಿಂದ ಅಟ್ಟಿದರೆ ಇನ್ನೊಂದು ಮುಂದಿನಿಂದ ಅಡ್ಡಗಟ್ಟುತ್ತದೆ. ಆದರೂ ಭೂತಗಳು ಸದಾಕಾಲವೂ ಅಟ್ಟುವುದಿಲ್ಲ. ಆಗಾಗ ಬೆನ್ನಟ್ಟುವುದನ್ನು ಬಿಟ್ಟು ತಮ್ಮ ತಮ್ಮ ಮೂಲೆಗಳಿಗೆ ಸರಿಯುತ್ತವೆ. ಆಟಗಾರನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಎಂದಿಗೂ ತಪ್ಪದ ಹಿಂಬಾಲಕನನ್ನು ಲೆಕ್ಕದಿಂದ ಸೃಷ್ಟಿಸುವುದು ಕಷ್ಟವಲ್ಲ. ಆದರೆ ಅವನೊಡನೆ ಆಡಲು ಯಾರಿಗೂ ಮನಸ್ಸಾಗದು. ಗೆಲ್ಲುವ ಆಸೆಗೂ ಸೋಲುವ ಭಯಕ್ಕೂ ಎಡೆಯಿದ್ದರೆ ಮಾತ್ರ ಅದು ಆಟ. ಆದುದರಿಂದ ಆಟವನ್ನು ರಚಿಸುವವನು ಹಿಂಬಾಲಕನ ಬಲವನ್ನಷ್ಟೆ ಅಲ್ಲ, ಅವನ ಮಿತಿಯನ್ನೂ ಯೋಚಿಸಿ ಗೊತ್ತುಮಾಡುತ್ತಾನೆ.

ಒಬ್ಬನು ಒಬ್ಬನನ್ನು ಹಿಂಬಾಲಿಸುವ ನಿಯಮ ತಿಳಿದ ಮೇಲೆ ಹಲವರು ಹಲವರನ್ನು ಅನುಸರಿಸುವ ನಿಯಮವೂ ದೂರವಿಲ್ಲ. ತೆನೆ ಬಿಟ್ಟ ಜೋಳದ ಹೊಲದ ಮೇಲೆ ಹಕ್ಕಿಗಳ ಹಿಂಡು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳುವುದನ್ನು ಕಂಡವರಿಗೆ, ಅವುಗಳಿಗೊಬ್ಬ ನಾಯಕನಿರಬೇಕೆಂದು ತೋರುವುದು ಸಹಜ. ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಎಂಬುವರು ೧೯೮೬ರಲ್ಲಿ ರಚಿಸಿದ ಕ್ರಮವಿಧಿಯೊಂದು ನಾಯಕನಿಲ್ಲದೆಯೂ ಅಂಥ ಹಿಂಡು ಹಾರಬಲ್ಲುದೆಂದು ತೋರಿಸಿತು. ಅದರಲ್ಲಿ ಪ್ರತಿಯೊಂದು ಹಕ್ಕಿಗೂ ಮೂರೇ ನಿಯಮಗಳು: ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹಾರುವ ದಿಕ್ಕಿಗೆ ನೀನೂ ಹೊಂದಿಕೋ, ಅವರ ನಡುವಿಗೆ ಹತ್ತಿರವಾಗಿರು. ೧೯೯೨ರಲ್ಲಿ ತೆರೆಕಂಡ ‘ಬ್ಯಾಟ್‌ಮನ್ ರಿಟರ್ನ್ಸ್’ ಎಂಬ ಚಲನಚಿತ್ರದಲ್ಲಿ ಬಾವಲಿಗಳ ಹಿಂಡನ್ನು ಹಾರಿಸಿದುದು ಈ ಬಗೆಯ ನಿಯಮಗಳಿಂದಲೇ.

ಇಂದಿನ ವಿದ್ಯಾರ್ಥಿಗಳಿಗೆ ಈ ವಿದ್ಯೆಯ ಬಾಗಿಲು ತೆರೆದಿದೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯವರು ೨೦೦೭ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಎಂಬ ಮಕ್ಕಳ ಕ್ರಮವಿಧಿ ಭಾಷೆಯು ಎಲ್ಲರಿಗೂ ಉಚಿತ. ಅದರಲ್ಲಿ ‘ಗುರಿಯತ್ತ ಮುಖ ಮಾಡು’, ‘ಇಷ್ಟು ಹೆಜ್ಜೆ ನಡೆ’ ಎಂಬ ಎರಡು ತುಣುಕುಗಳನ್ನು ಒಂದರ ಕೆಳಗೊಂದು ಜೋಡಿಸಿ, ಅವೆರಡನ್ನೂ ‘ಸದಾ ಮಾಡುತ್ತಿರು’ ಎಂಬ ತುಣುಕಿನೊಳಗೆ ಇರಿಸಿದರೆ ಹಿಂಬಾಲಕನು ಸಿದ್ಧನಾಗುತ್ತಾನೆ. ಆದರೆ ತುಣುಕುಗಳನ್ನು ಜೋಡಿಸಿದ ಮಾತ್ರಕ್ಕೆ ವಿದ್ಯೆ ಕೈವಶವಾಯಿತೆಂದು ಬಗೆಯಬಾರದು. ಹಿಂಬಾಲಕನು ಗುರಿಯ ಬಳಿ ಏಕೆ ಅದುರುತ್ತಾನೆ, ಓರೆಯಾಗಿ ಹೋದಾಗ ಏಕೆ ವೇಗ ಹೆಚ್ಚಿತು, ಹಳೆಯ ಯಂತ್ರದಲ್ಲಿ ಏಕೆ ಹಿಂದುಳಿದ ಎಂಬ ಪ್ರಶ್ನೆಗಳಿಗೆ ತುಣುಕುಗಳು ಉತ್ತರ ಹೇಳವು. ಉತ್ತರ ಹೇಳುವುದು ತ್ರಿಭುಜದ ವಿಕರ್ಣ, ಭಾಗಾಕಾರದ ಸೊನ್ನೆ, ವೇಗಕಾಲಗಳ ಗುಣಾಕಾರ.

ಗಣಿತದ ಪ್ರಮೇಯಗಳಿಂದ ಬಾಳಿನಲ್ಲಿ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹೊಲದ ನಾಯಿ ಪ್ರಮೇಯವನ್ನು ಅರಿಯದು. ಆದರೂ ಚಕ್ಕಡಿಯನ್ನು ಸೇರುತ್ತದೆ. ಹಾಗಿದ್ದ ಮೇಲೆ ಅರಿವಿನಿಂದ ದೊರೆತುದೇನು? ನಾಯಿ ತನ್ನ ವಿದ್ಯೆಯನ್ನು ಇನ್ನೊಬ್ಬರಿಗೆ ಹೇಳಲಾರದು; ಮನುಷ್ಯನು ಹೇಳಬಲ್ಲ. ತಾನು ಸಹಜವಾಗಿ ಮಾಡುವುದನ್ನು ಅಳೆದು, ಬಿಡಿಸಿ, ಹಂತ ಹಂತವಾಗಿ ನುಡಿಯಬಲ್ಲವನು ಆ ವಿದ್ಯೆಯನ್ನು ಯಂತ್ರಕ್ಕೂ ಕಲಿಸಬಲ್ಲ, ತನಗಿಂತ ಕಿರಿಯನಿಗೂ ಕಲಿಸಬಲ್ಲ. ಅದರಲ್ಲಿ ತಪ್ಪು ಹೊಕ್ಕಾಗ ಎಲ್ಲಿ ಹೊಕ್ಕಿತೆಂದು ಹುಡುಕಿ ತಿದ್ದಲೂ ಬಲ್ಲ. ಗುರಿಯನ್ನು ನೋಡುವುದು, ಅಂತರವನ್ನು ಅಳೆಯುವುದು, ತನ್ನ ಶಕ್ತಿಗೆ ತಕ್ಕ ಒಂದು ಹೆಜ್ಜೆಯಿಡುವುದು, ಮತ್ತೆ ನೋಡುವುದು: 'ಹಿಂಬಾಲಿಸು' ಎಂಬ ಒಂದೇ ಮಾತಿನೊಳಗೆ ಅಡಗಿದ್ದ ವಿವೇಕವಿದು.

ಪದಗಳ ಅರ್ಥ

ಕ್ರಮವಿಧಿ – ಗಣಕಯಂತ್ರಕ್ಕೆ ಕ್ರಮವಾಗಿ ಕೊಡುವ ಆಜ್ಞೆಗಳ ಸಾಲು
ಎರೆಹೊಲ – ಕಪ್ಪುಮಣ್ಣಿನ ಹೊಲ
ಚಕ್ಕಡಿ – ಎತ್ತಿನ ಬಂಡಿ
ಮಾರು – ಚಾಚಿದ ಎರಡು ತೋಳುಗಳ ನಡುವಣ ಉದ್ದ
ಮೊಳ – ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ
ನಿಷಿದ್ಧ – ಮಾಡಬಾರದೆಂದು ಕಟ್ಟುಮಾಡಿದ
ಉಕ್ತ – ಹೇಳಲ್ಪಟ್ಟ
ಗಣ್ಣು – ಗಿಣ್ಣು, ಮೈಯ ಒಂದೊಂದು ತುಂಡು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಪರದೆಯ ಮೇಲೆ ವಸ್ತು ಚಲಿಸಿತು ಎಂಬುದರ ಅರ್ಥವೇನು?
೨. ಲೀಲಾವತಿಯ ನವಿಲು ಮತ್ತು ಹಾವು ಬಿಲದಿಂದ ಎಷ್ಟು ದೂರದಲ್ಲಿ ಸಂಧಿಸಿದವು?
೩. ಪ್ಯಾಕ್-ಮ್ಯಾನ್ ಆಟದ ಗುಲಾಬಿ ಭೂತದ ಗುರಿ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಅಡ್ಡಕ್ಕೆ ೫, ಲಂಬಕ್ಕೆ ೫ ಕೂಡಿಸುವ ಉಪಾಯದಲ್ಲಿರುವ ದೋಷಗಳೇನು?
೨. ಹಿಂಬಾಲಕನು ಗುರಿಯ ಬಳಿ ಅದುರುವುದೇಕೆ? ಅದನ್ನು ತಡೆಯುವ ಬಗೆ ಹೇಗೆ?
೩. ಚಲನೆಯನ್ನು ಕಾಲದ ಲೆಕ್ಕದಲ್ಲಿ ಹೇಳಬೇಕಾದ ಅಗತ್ಯವೇನು?
೪. ‘ವ್ಯತ್ಯಾಸವೆಲ್ಲ ಮುಂದಾಲೋಚನೆಯಲ್ಲಿದೆ.’ ಈ ಮಾತನ್ನು ನಾಯಿ ಮತ್ತು ಚಕ್ಕಡಿಯ ನಿದರ್ಶನದಿಂದ ವಿವರಿಸಿರಿ.

ಇ) ಮಾಡಿ ನೋಡಿರಿ.
೧. ನಾಯಿಯು (೦, ೦) ಎಂಬಲ್ಲಿಯೂ ನಿಂತ ಚಕ್ಕಡಿಯು (೬೦, ೮೦) ಎಂಬಲ್ಲಿಯೂ ಇವೆ. ನಾಯಿಯ ಹೆಜ್ಜೆ ೧೦ ಮಾರು. ಮೊದಲ ಮೂರು ಹೆಜ್ಜೆಗಳ ಸ್ಥಾನಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿರಿ.
೨. ಶಾಲೆಯ ಬಯಲಿನಲ್ಲಿ ೨೦ ಹೆಜ್ಜೆ ಉದ್ದದ ಚೌಕವನ್ನು ಎಳೆದು ನಾಲ್ಕು ಮೂಲೆಗಳಲ್ಲಿ ನಾಲ್ವರು ನಿಲ್ಲಿರಿ. ಪ್ರತಿಯೊಬ್ಬರೂ ತಮ್ಮ ಬಲಗಡೆಯ ಮೂಲೆಯವರತ್ತ ಮುಖ ಮಾಡಿ, ಒಂದೊಂದು ಹೆಜ್ಜೆಗೂ ದಿಕ್ಕನ್ನು ತಿದ್ದಿಕೊಳ್ಳುತ್ತ ಒಟ್ಟಿಗೆ ನಡೆಯಿರಿ. ಎಲ್ಲರೂ ಎಲ್ಲಿ ಕೂಡುವಿರಿ? ಒಬ್ಬೊಬ್ಬರೂ ಸುಮಾರು ಎಷ್ಟು ಹೆಜ್ಜೆ ನಡೆದಿರಿ? ಚೌಕದ ಬಾಹುವಿನೊಡನೆ ಹೋಲಿಸಿ ನೋಡಿರಿ.